ಸೊರಬದ ಏಳು ಗೆಲುವುಗಳು: ನೆರವಾದವರಿಗೆ ಕೃತಜ್ಞತೆ

ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಚುನಾವಣಾ ಬದುಕನ್ನು ಕುರಿತ ನನ್ನ ಪುಸ್ತಕದ ಹಸ್ತಪ್ರತಿ ಕಳೆದ ವಾರ ಮುದ್ರಣಾಲಯವನ್ನು ಸೇರಿದೆ. ಪುಸ್ತಕದ ಆರಂಭದಲ್ಲಿ ನಾಲ್ಕು ಸಾಲುಗಳ ವಂದನಾರ್ಪಣೆ ಇದೆಯಾದರೂ, ಮಾಹಿತಿಯನ್ನೂ ಸಮಯವನ್ನೂ ತಮ್ಮ ಭಿನ್ನಾಭಿಪ್ರಾಯವನ್ನೂ ಧಾರಾಳವಾಗಿ ಕೊಟ್ಟವರ ಋಣಕ್ಕೆ ಅದು ಸಾಲದು ಎನ್ನಿಸಿದ್ದರಿಂದ ಈ ಬರಹ.

1967ರಿಂದ 1994ರವರೆಗೆ ಸೊರಬ ವಿಧಾನಸಭಾ ಕ್ಷೇತ್ರದಲ್ಲಿ ನಡೆದ ಏಳು ಸಾರ್ವತ್ರಿಕ ಚುನಾವಣೆಗಳಲ್ಲಿ ಬಂಗಾರಪ್ಪನವರು ಒಮ್ಮೆಯೂ ಸೋಲಲಿಲ್ಲ ಎಂಬುದನ್ನು ಚುನಾವಣಾ ಆಯೋಗದ ಅಂಕಿಅಂಶಗಳ ವರದಿಗಳನ್ನು ತಿರುವಿದರೆ ಯಾರು ಬೇಕಾದರೂ ಅರ್ಧ ದಿನದಲ್ಲಿ ತಿಳಿಯಬಹುದು. ಏಕೆ ಸೋಲಲಿಲ್ಲ ಎಂಬುದು ಆ ಕೋಷ್ಟಕಗಳಲ್ಲಿ ಸಿಗುವುದಿಲ್ಲ. ಅದನ್ನು ನನಗೆ ತಿಳಿಸಿಕೊಟ್ಟವರು ಸೊರಬ, ಸಾಗರ ತಾಲ್ಲೂಕುಗಳ ಹಿರಿಯ ರೈತರು, ಮುಖ್ಯವಾಗಿ ಗೇಣಿದಾರರ ಮನೆತನದವರು. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ, ಅದಕ್ಕೆ ಬೆಂಬಲವಾಗಿ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, ಶಾಂತವೇರಿ ಗೋಪಾಲಗೌಡರ ಭಾಷಣಗಳು ಇವೆಲ್ಲವೂ ಆ ಮನೆಗಳಲ್ಲಿ ಇಂದಿಗೂ ಮಾತಿಗೆ ಬರುತ್ತವೆ. ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಯಾಗಿ 1967ರಲ್ಲಿ ಕುಬಟೂರಿನ ಯುವ ವಕೀಲರೊಬ್ಬರು ಗೆದ್ದಾಗ ಮತ ಹಾಕಿದವರು ಅವರನ್ನು ಆ ಹೋರಾಟದ ಮುಂದುವರಿಕೆಯಾಗಿಯೇ ಕಂಡಿದ್ದರು ಎಂಬ ನನ್ನ ತೀರ್ಮಾನಕ್ಕೆ ಈ ಹಿರಿಯರ ಮಾತುಗಳೇ ಆಧಾರ. ಅವರ ಜಗಲಿಯಲ್ಲಿ ಕುಳಿತು ಕೇಳಿದ್ದೆಲ್ಲವನ್ನೂ ಪುಸ್ತಕಕ್ಕೆ ತರಲಾಗಲಿಲ್ಲ. ಆದರೆ ಕೇಳಿದ ಯಾವುದೂ ವ್ಯರ್ಥವಾಗಲಿಲ್ಲ.

1983 ಮತ್ತು 1985ರ ಅಧ್ಯಾಯಗಳು ಇಂದಿನ ರೂಪ ಪಡೆದದ್ದು ನನ್ನೊಡನೆ ಜಗಳವಾಡಿದವರಿಂದ. ದೇವರಾಜ ಅರಸರು 1982ರ ಜೂನ್‌ನಲ್ಲಿ ತೀರಿಕೊಂಡ ಮೇಲೆ ಅವರ ಪಕ್ಷವಾದ ಕ್ರಾಂತಿರಂಗದ ಮುಂದಾಳುತನ ವಹಿಸಿದ ಬಂಗಾರಪ್ಪನವರು, ಜನತಾ ಪಕ್ಷದೊಡನೆ ಸೇರಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸನ್ನು ಅಧಿಕಾರದಿಂದ ಇಳಿಸಿದವರಲ್ಲಿ ಪ್ರಮುಖರು. ಮುಖ್ಯಮಂತ್ರಿ ಸ್ಥಾನ ಮಾತ್ರ ರಾಮಕೃಷ್ಣ ಹೆಗಡೆಯವರಿಗೆ ಸಂದಿತು. ಬಳಿಕ ಬಂಗಾರಪ್ಪನವರು ಕಾಂಗ್ರೆಸ್ಸಿಗೆ ಮರಳಿದ್ದನ್ನು ಆಗಿನ ಜನತಾ ಪಕ್ಷದ ಕಾರ್ಯಕರ್ತರು ಇಂದಿಗೂ ಕ್ಷಮಿಸಿಲ್ಲ. ಅವರ ಸಿಟ್ಟನ್ನು ನಾನು ಪುಸ್ತಕದಲ್ಲಿ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದರಲ್ಲಿ ನ್ಯಾಯವಿದೆ. ಆದರೆ 1985ರಲ್ಲಿ ಹೆಗಡೆಯವರ ಅಲೆಯಲ್ಲಿ ಜನತಾ ಪಕ್ಷ 139 ಸ್ಥಾನಗಳನ್ನು ಗೆದ್ದಾಗಲೂ ಸೊರಬದ ಮತದಾರರು ಕಾಂಗ್ರೆಸ್ಸಿನ ಬಂಗಾರಪ್ಪನವರನ್ನೇ ಆರಿಸಿದರಲ್ಲ, ಅದಕ್ಕೇನು ಹೇಳುತ್ತೀರಿ ಎಂದು ನಾನು ಕೇಳಿದಾಗ, ಅವರಲ್ಲೊಬ್ಬ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಅಲ್ಲಿ ಪಕ್ಷ ಲೆಕ್ಕಕ್ಕಿರಲಿಲ್ಲ ಎಂದು ಒಪ್ಪಿದರು. ಎದುರು ಪಾಳಯದಲ್ಲಿದ್ದವರು ಇಷ್ಟು ಪ್ರಾಮಾಣಿಕವಾಗಿ ಮಾತನಾಡಿದ್ದಕ್ಕೆ ನಾನು ಅಭಿಮಾನಿಗಳಿಗಿಂತ ಅವರಿಗೇ ಹೆಚ್ಚು ಋಣಿ.

ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದ 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗಿನ ಅವಧಿಯ ಬಗ್ಗೆ ಎರಡು ಬಗೆಯ ನೆರವು ದೊರೆಯಿತು. ಆಶ್ರಯ ಯೋಜನೆಯ ಮನೆಯಲ್ಲಿ ಬೆಳೆದವರು, ಗ್ರಾಮೀಣ ಕೃಪಾಂಕದಿಂದ ಸರ್ಕಾರಿ ಕೆಲಸ ಪಡೆದವರು, 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಪಡೆದ ಕೃಷಿಕರು ಬರೆದ ಪತ್ರಗಳು ಒಂದು ಬಗೆ. ಕಾವೇರಿಯ ವಿಷಯದಲ್ಲಿ ವಕೀಲ ಮಿತ್ರರೊಬ್ಬರು ಕೊಟ್ಟ ವಿವರಣೆ ಇನ್ನೊಂದು. ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶಕ್ಕೆ ಎದುರಾಗಿ 1991ರ ಜುಲೈನಲ್ಲಿ ರಾಜ್ಯ ಹೊರಡಿಸಿದ ಸುಗ್ರೀವಾಜ್ಞೆಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ನವೆಂಬರ್‌ನಲ್ಲಿ ಅಸಾಂವಿಧಾನಿಕವೆಂದು ಹೇಳಿದ್ದು, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿ ಎಂಬುದನ್ನು ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರವನ್ನು ಮೃದುಗೊಳಿಸದೆ ಬರೆಯಬೇಕೆಂದು ಒತ್ತಾಯಿಸಿದವರೂ ಅವರೇ. ಹಾಗೆಯೇ ಬರೆದಿದ್ದೇನೆ.

ಹೊಗಳುವವರು ಬಳಸುವ 'ಸೋಲಿಲ್ಲದ ಸರದಾರ' ಎಂಬ ಬಿರುದು ಸೊರಬದ ಮಟ್ಟಿಗೆ ಮಾತ್ರ ಸತ್ಯ. 1994ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷಕ್ಕೆ 10 ಸ್ಥಾನಗಳನ್ನು ಗಳಿಸಿಕೊಟ್ಟು, 1996ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಅವರು 1998ರಲ್ಲಿ ಅದೇ ಕ್ಷೇತ್ರದಲ್ಲಿ ಆಯನೂರು ಮಂಜುನಾಥ್ ಅವರೆದುರು ಸೋತರು. 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2004ರಲ್ಲಿ ಬಿಜೆಪಿಯ ಕಮಲದ ಗುರುತಿನಿಂದ ಗೆದ್ದರು, ರಾಜೀನಾಮೆ ಕೊಟ್ಟು 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಗುರುತಿನಿಂದಲೂ ಗೆದ್ದರು. ಒಂದೇ ಕ್ಷೇತ್ರದ ಜನ ಒಬ್ಬರೇ ಅಭ್ಯರ್ಥಿಯನ್ನು ಹೀಗೆ ಗುರುತು ಬದಲಾದಂತೆಲ್ಲ ಹುಡುಕಿ ಆರಿಸಿದ್ದು ನಮ್ಮ ರಾಜ್ಯದ ಮಟ್ಟಿಗೆ ಅಪರೂಪ. ಪಕ್ಷಾಂತರವನ್ನು ಒಪ್ಪದ ನನಗೂ ಇದರ ಬಗ್ಗೆ ಬೆರಗಿದೆ. ಮುಂದೆ 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರೆದುರು, 2009ರಲ್ಲಿ ಲೋಕಸಭೆಗೆ ಬಿ.ವೈ. ರಾಘವೇಂದ್ರ ಅವರೆದುರು ಸೋತರು. ಈ ಕೊನೆಯ ವರ್ಷಗಳ ಕರಪತ್ರಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ರಸೀದಿಯನ್ನೂ ಕೇಳದೆ ನನ್ನ ಕೈಗಿತ್ತ ಕಾರ್ಯಕರ್ತರಿಗೆ ವಂದನೆಗಳು. ಅವೆಲ್ಲವನ್ನೂ ಮುಂದಿನ ತಿಂಗಳು ಅವರವರಿಗೆ ಹಿಂದಿರುಗಿಸುತ್ತೇನೆ.

ಹಳೆಯ ಪತ್ರಿಕೆಗಳ ಸಂಪುಟಗಳನ್ನು ಬೇಸರಿಸದೆ ತೆಗೆದುಕೊಟ್ಟ ಗ್ರಂಥಾಲಯಗಳ ಸಿಬ್ಬಂದಿಗೂ, ಕ್ಷೇತ್ರದ ಹೆಸರುಗಳನ್ನೂ ಮತಗಳ ಲೆಕ್ಕವನ್ನೂ ಮತ್ತೆ ಮತ್ತೆ ತಾಳೆ ನೋಡಿದ ಕಿರಿಯ ಗೆಳೆಯರಿಗೂ ನಾನು ಆಭಾರಿ.

ಬಂಗಾರಪ್ಪನವರ ಮಕ್ಕಳಾದ ಕುಮಾರ್ ಬಂಗಾರಪ್ಪ ಮತ್ತು ಮಧು ಬಂಗಾರಪ್ಪ ಸೊರಬದಲ್ಲಿ ಪರಸ್ಪರ ಎದುರಾಳಿಗಳಾಗಿ ನಿಂತ ಚುನಾವಣೆಗಳನ್ನೂ ಪುಸ್ತಕದಲ್ಲಿ ಸೇರಿಸಬೇಕೆಂದು ಅನೇಕರು ಕೇಳಿದ್ದರು. ತಂದೆಯವರು ತೀರಿಕೊಂಡ 2011ರ ಡಿಸೆಂಬರ್ 26ಕ್ಕೆ ನನ್ನ ಬರವಣಿಗೆ ನಿಲ್ಲುತ್ತದೆ. 2018ರಲ್ಲಿ ಅಣ್ಣನೂ 2023ರಲ್ಲಿ ತಮ್ಮನೂ ಗೆದ್ದ ಆ ಕಣ ಇನ್ನೂ ಬಿಸಿಯಾಗಿರುವುದರಿಂದ ಅದನ್ನು ಬರೆಯುವ ಕೆಲಸ ಮುಂದಿನವರದು. ಈ ನಿರ್ಧಾರವನ್ನು ಒಪ್ಪದೆಯೂ ತಮ್ಮ ಟಿಪ್ಪಣಿಗಳನ್ನು ನನಗೆ ಕೊಟ್ಟವರಿಗೆ ವಿಶೇಷ ಕೃತಜ್ಞತೆಗಳು; ಆ ಕೆಲಸಕ್ಕೆ ಯಾರಾದರೂ ಮುಂದಾದರೆ, ಕೊಟ್ಟವರ ಒಪ್ಪಿಗೆ ಪಡೆದು ಆ ಟಿಪ್ಪಣಿಗಳನ್ನು ಹಾಗೆಯೇ ಒಪ್ಪಿಸುತ್ತೇನೆ.