ಲಿವರ್ ರೋಗಿಗಳನ್ನು ಕರೆದು ಸ್ಕ್ಯಾನ್ ಮಾಡಿ

ಸಂಪಾದಕರೇ,

ನಮ್ಮಣ್ಣನಿಗೆ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಸೋಂಕು ಇತ್ತು, ಲಿವರ್ ಹಾಳಾಗಿ ಗಟ್ಟಿಯಾಗಿತ್ತು. ಕ್ಯಾನ್ಸರ್ ಬಂದರೆ ಬೇಗ ಗೊತ್ತಾಗಲು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆಯೇ ಲಿವರ್ ಕ್ಯಾನ್ಸರ್ ಗೊತ್ತಾಗಿದ್ದು.

2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಿವರ್ ಕ್ಯಾನ್ಸರ್ ಮುಂದುವರಿದು ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ಕನಿಷ್ಠ 10.7 ತಿಂಗಳು ಬದುಕಿದ್ದರು. ಮಾತ್ರೆ ಇಲ್ಲದವರದ್ದು 7.9 ತಿಂಗಳು. ಆಮೇಲೆ ಬಂದ ಅಟೆಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಎಂಬ ಇಂಜೆಕ್ಷನ್‌ಗಳ ಜೋಡಿಯಿಂದ ಈ ಅವಧಿ 19 ತಿಂಗಳು ದಾಟಿತು. ಖುಷಿಯೇ. ಆದರೆ ಆ ಇಂಜೆಕ್ಷನ್ ಆಳಂದದ ತೊಗರಿ ರೈತನ ಕೈಗೆ ಎಟುಕುತ್ತದಾ? ಗಡ್ಡೆ ಚಿಕ್ಕದಿದ್ದಾಗಲೇ ಸಿಕ್ಕರೆ ಕತ್ತರಿಸಿ ತೆಗೆಯಬಹುದು, ಎಷ್ಟೋ ಜನ ವರ್ಷಗಟ್ಟಲೆ ಬದುಕುತ್ತಾರೆ.

ತಾಲ್ಲೂಕು ಆಸ್ಪತ್ರೆಗಳು ನಮ್ಮಣ್ಣನಂಥ ಲಿವರ್ ರೋಗಿಗಳ ಪಟ್ಟಿ ಇಟ್ಟುಕೊಂಡು, ಫೋನ್ ಮಾಡಿ ಸ್ಕ್ಯಾನ್‌ಗೆ ಕರೆಸಲಿ.

– ನಿವೃತ್ತ ಶಿಕ್ಷಕ, ಆಳಂದ, ಕಲಬುರಗಿ ಜಿಲ್ಲೆ