ಕ್ಲಬ್ಬಿಗೆ ಸೇರು ಪುಟ್ಟಿ

ಮಂಡ್ಯ

ಪ್ರೀತಿಯ ಪುಟ್ಟಿ,

ನಿಮ್ಮ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳದ್ದೇ ಒಂದು ಕ್ಲಬ್ ಇದೆ, ಸೇರಲಾ ಬೇಡವಾ ಅಂತ ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸೇರು. ಮೆಂಬರ್‌ಶಿಪ್ ದುಡ್ಡು ನಾನು ಕಳಿಸುತ್ತೇನೆ. ಆದರೆ ಯಾಕೆ ಸೇರಬೇಕು, ಸೇರಿದ ಮೇಲೆ ಏನು ಮಾಡಬೇಕು ಅನ್ನುವುದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

‘ಹೆಣ್ಮಕ್ಕಳಿಗೆ ಬೇರೆ ಕ್ಲಬ್ ಯಾಕೆ, ಎಲ್ಲರೂ ಒಂದೇ ಅಲ್ವಾ’ ಅಂತ ಕ್ಲಾಸಿನ ಹುಡುಗರು ಕೇಳಿದರು ಅಂದೆ. ನಿಮ್ಮತ್ತೆಯೂ ಇದನ್ನೇ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಹುಡುಗರಿಗೆ ಕ್ಲಬ್ ಇಲ್ಲ ಅಂತ ಯಾರು ಹೇಳಿದರು? ಅದಕ್ಕೆ ಬೋರ್ಡ್ ಇಲ್ಲ, ಅಷ್ಟೇ. ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಸೀನಿಯರ್ ಜೊತೆ ಕೂತಾಗ, ಟೀ ಅಂಗಡಿ ಮುಂದೆ ನಿಂತಾಗ, ಬೈಕಿನ ಹಿಂದೆ ಕೂತು ಯಾವುದೋ ವರ್ಕ್‌ಶಾಪಿಗೆ ಹೋಗಿ ಬಂದಾಗ ಅವರಿಗೆ ಎಷ್ಟೋ ವಿಷಯ ಕಿವಿಗೆ ಬೀಳುತ್ತದೆ. ಯಾವ ಕಂಪನಿ ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ, ಯಾವ ಮೇಷ್ಟ್ರ ಹತ್ತಿರ ಪ್ರಾಜೆಕ್ಟ್ ಮಾಡಿದರೆ ಕಲಿಯಬಹುದು, ಬೇಕಾದ ಪಾರ್ಟ್ ಎಲ್ಲಿ ಕಡಿಮೆಗೆ ಸಿಗುತ್ತದೆ. ಇದ್ಯಾವುದೂ ಸಿಲಬಸ್‌ನಲ್ಲಿಲ್ಲ. ಆ ಹೊತ್ತಿಗೆ ನಿಮ್ಮ ಹಾಸ್ಟೆಲ್ ಗೇಟು ಹಾಕಿರುತ್ತದೆ.

ಈ ಕಸುಬು ಹೇಗೆ ಕಲಿಯುತ್ತಾರೆ ಅಂತ ನಾನು ನಮ್ಮ ಮೋಟರ್ ರಿಪೇರಿ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಪಂಪ್‌ಸೆಟ್ ಮೋಟರ್ ಸುಟ್ಟು ಬಂದಾಗ ಎಲ್ಲರೂ ‘ಸುಟ್ಟಿದೆ, ರೀವೈಂಡಿಂಗ್ ಮಾಡಿಕೊಡಿ’ ಅಂತಾರೆ. ಯಾಕೆ ಸುಟ್ಟಿತು ಅನ್ನುವುದು ಕಾಯಿಲ್ ನೋಡಿದರೆ ಗೊತ್ತಾಗುತ್ತದೆ. ಎಲ್ಲಾ ಕಡೆ ಸಮನಾಗಿ ಕಪ್ಪಾಗಿದ್ದರೆ ಲೋಡ್ ಜಾಸ್ತಿಯಾಗಿರಬಹುದು, ಇಲ್ಲಾ ಮೋಟರ್ ಜಾಮ್ ಆಗಿರಬಹುದು. ಮೂರು ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರುವ ಸ್ಟಾರ್ ಕನೆಕ್ಷನ್‌ನಲ್ಲಿ ಎರಡು ಫೇಸಿನ ಕಾಯಿಲ್ ಸುಟ್ಟು ಮೂರನೆಯದು ಹೊಸದರ ಹಾಗೇ ಇದ್ದರೆ, ಓಡುವಾಗ ಬರುವ ಕರೆಂಟಿನ ಒಂದು ಫೇಸ್ ಹೋಗಿದೆ ಅಂತ ಅರ್ಥ. ಕಾಯಿಲ್‌ಗಳು ತ್ರಿಕೋನದ ಹಾಗೆ ಸೇರುವ ಡೆಲ್ಟಾದಲ್ಲಿ ಅದೇ ತೊಂದರೆಯಾದರೆ ಒಂದೇ ಫೇಸಿನ ಕಾಯಿಲ್ ಸುಟ್ಟು ಎರಡು ಉಳಿದಿರುತ್ತವೆ. ಇದು ತಿಳಿಯದೆ ಸುಮ್ನೆ ಹೊಸ ತಾಮ್ರ ಸುತ್ತಿ ಕೊಟ್ಟರೆ ಅದೇ ಮೋಟರ್ ಮತ್ತೆ ಸುಟ್ಟು ಬರುತ್ತದೆ. ಸ್ಟಾರ್ಟರ್ ನೋಡಿಸಿ, ಫ್ಯೂಸ್ ನೋಡಿಸಿ ಅಂತ ರೈತರಿಗೆ ಹೇಳಿ ಕಳಿಸಬೇಕು.

ಇದನ್ನು ನನಗೆ ಯಾರೂ ಕೂರಿಸಿಕೊಂಡು ಪಾಠ ಮಾಡಲಿಲ್ಲ. ನಿಮ್ಮಪ್ಪ ಬೇರೆ ಮೆಕ್ಯಾನಿಕ್‌ಗಳ ಜೊತೆ ಮಾತಾಡುವಾಗ ಪಕ್ಕದಲ್ಲೇ ಕೂತು ಕಾಯಿಲ್ ಸುತ್ತುತ್ತಿದ್ದೆ. ಕೇಳಿಸಿಕೊಂಡೆ, ಅರ್ಥವಾಗದ್ದನ್ನು ಕೇಳಿದೆ, ಮುಂದಿನ ಮೋಟರ್ ಬಿಚ್ಚಿದಾಗ ನೋಡಿದೆ. ಅಲ್ಲಿ ಕೂರಲು ಜಾಗ ಇತ್ತು, ಅದಕ್ಕೆ ಕಲಿತೆ. ಆ ಜಾಗ ಸಿಗದ ಹೆಂಗಸರು ನನಗಿಂತ ಬುದ್ಧಿವಂತರಿದ್ದರೂ ಕಲಿಯಲಾಗಲಿಲ್ಲ. ನಿಮ್ಮ ಕ್ಲಬ್ ಅಂದರೆ ನನ್ನ ಲೆಕ್ಕದಲ್ಲಿ ಆ ಜಾಗ.

ಇವತ್ತಿಗೂ ಅಂಗಡಿಗೆ ಬಂದವರು ನನ್ನ ಕೈಯಲ್ಲಿ ಕಾಯಿಲ್ ಕೂರಿಸುವ ಸ್ಟೇಟರ್ ಇದ್ದರೂ ‘ಯಜಮಾನ್ರು ಇಲ್ವಾ’ ಅಂತ ಕೇಳುತ್ತಾರೆ. ನೀನು ಸೈಟಿಗೆ ಹೋದಾಗಲೂ ಒಂದಲ್ಲ ಒಂದು ದಿನ ಕೇಳುತ್ತಾರೆ. ಆಗ ಇದು ನಿನ್ನೊಬ್ಬಳ ತೊಂದರೆ ಅಂತ ಅನ್ನಿಸಬಾರದು. ‘ನನಗೂ ಹೀಗೇ ಆಯ್ತು, ನಾನು ಹೀಗೆ ಹೇಳಿದೆ’ ಅನ್ನುವ ನಾಲ್ಕು ಜನ ಗೊತ್ತಿರಬೇಕು.

ನಮ್ಮ ದೇಶದ ಮೊದಮೊದಲ ಮಹಿಳಾ ಎಂಜಿನಿಯರ್‌ಗಳಲ್ಲಿ ಒಬ್ಬರಾದ ಎ. ಲಲಿತಾ ಅವರ ಬಗ್ಗೆ ಓದಿದ್ದೀಯಾ? ಅವರೂ ನಿನ್ನ ಹಾಗೇ ಎಲೆಕ್ಟ್ರಿಕಲ್. 15ಕ್ಕೆ ಮದುವೆ, 18ಕ್ಕೆ ಗಂಡ ತೀರಿಕೊಂಡರು, ಕೈಯಲ್ಲಿ ಹಸುಗೂಸು. ಅಪ್ಪ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್. 1940ರಲ್ಲಿ ಮಗಳನ್ನು ಅಲ್ಲೇ ಸೇರಿಸಿದರು. ಅಷ್ಟು ಹುಡುಗರ ನಡುವೆ ಲಲಿತಾ ಒಬ್ಬರೇ. ಕ್ಲಾಸಿನಲ್ಲಿ ತೊಂದರೆ ಇರಲಿಲ್ಲವಂತೆ, ಆದರೆ ಹಾಸ್ಟೆಲಿನಲ್ಲಿ ಒಂಟಿ. ಆಗ ಅವರಪ್ಪ ಇನ್ನಷ್ಟು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ಹಾಗೆ ಕಾಲೇಜಿನವರನ್ನು ಒಪ್ಪಿಸಿದರು. ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸಿಯಾ ಸಿವಿಲ್‌ಗೆ ಬಂದರು. ಮಗಳಿಗೆ ಸೀಟು ಕೊಡಿಸಿದ್ದಕ್ಕಿಂತ ಜೊತೆ ಕೊಡಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ತ್ರೇಸಿಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ಲಲಿತಾ ಕಲ್ಕತ್ತದಲ್ಲಿ ಕೆಲಸ ಮಾಡಿದರು. ಭಾಕ್ರಾ ನಂಗಲ್ ಅಣೆಕಟ್ಟಿನ ಕೆಲಸದಲ್ಲೂ ಅವರ ಕೈಯಿತ್ತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಹೋಗಿ ಬಂದರು. ಆಮೇಲೆ ಲಂಡನ್ನಿನ ಮಹಿಳಾ ಎಂಜಿನಿಯರ್‌ಗಳ ಸಂಘದ ಪೂರ್ಣ ಸದಸ್ಯೆಯೂ ಆದರು. ಅಷ್ಟು ಅನುಭವ ಇದ್ದವರಿಗೇ ಸಂಘ ಬೇಕೆನಿಸಿತ್ತು.

ಆ ಲಂಡನ್ ಸಂಘ ಶುರುವಾಗಿದ್ದು 1919ರ ಜೂನ್ 23ಕ್ಕೆ. ಮೊದಲ ಮಹಾಯುದ್ಧದಲ್ಲಿ ಗಂಡಸರು ಹೋದಾಗ ಕಾರ್ಖಾನೆಗಳಲ್ಲಿ ಹೆಂಗಸರು ದುಡಿದರು. ಯುದ್ಧ ಮುಗಿದ ಮೇಲೆ ಅವರನ್ನು ಮನೆಗೆ ಹೋಗಿ ಅಂದರು. ಹೋಗಲ್ಲ ಅಂದವರು ಕಟ್ಟಿದ್ದು. ಈಗ ಅದೇ ಜೂನ್ 23 ಮಹಿಳಾ ಎಂಜಿನಿಯರ್‌ಗಳ ದಿನ.

ನಮ್ಮವರನ್ನೂ ಮರೆಯಬೇಡ. ರಾಜೇಶ್ವರಿ ಚಟರ್ಜಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿದವರು. ಆ ಕಾಲದಲ್ಲೇ ಸ್ಕಾಲರ್‌ಶಿಪ್ ಪಡೆದು ಅಮೆರಿಕದ ಮಿಷಿಗನ್‌ಗೆ ಹೋಗಿ ಡಾಕ್ಟರೇಟ್ ಮಾಡಿದರು. ವಾಪಸ್ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದರು. ಗಂಡನ ಜೊತೆ ಸೇರಿ ಮೈಕ್ರೋವೇವ್ ಸಂಶೋಧನೆಗೆ ಲ್ಯಾಬ್ ಕಟ್ಟಿದರು. ಇಂಥವರ ಬಗ್ಗೆ ನಿಮ್ಮ ಕ್ಲಬ್ಬಿನಲ್ಲಿ ಮಾತಾಡಿ.

ಇನ್ನು ಕ್ಲಬ್ಬಿನ ಒಳಗಿನ ಮಾತು. ಕಾಲೇಜಿಗೆ ಯಾರಾದರೂ ದೊಡ್ಡವರು ಬಂದರೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿಯಲು, ಹೂಗುಚ್ಛ ಕೊಡಲು, ನಿರೂಪಣೆ ಮಾಡಲು ಮೊದಲು ಕರೆಯುವುದು ಹೆಣ್ಣುಮಕ್ಕಳನ್ನೇ. ಕ್ಲಬ್ ಆ ಕೆಲಸಕ್ಕೆ ಖಾಯಂ ತಂಡ ಆಗಬಾರದು. ಮಾರ್ಚ್ 8ಕ್ಕೆ ಕೇಕ್ ಕತ್ತರಿಸಿ ಫೋಟೋ ತೆಗೆಸಿಕೊಂಡರೆ ವರ್ಷದ ಕೆಲಸ ಮುಗಿಯಿತು ಅಂತಲೂ ಆಗಬಾರದು. ನೀನು ಖಜಾಂಚಿ ಕೆಲಸ ಕೇಳು. ಬಿಲ್ ಇಡುವುದು, ಲೆಕ್ಕ ಒಪ್ಪಿಸುವುದು, ಸಾಮಾನು ಯಾವ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ಓಡಾಡಿ ಕೇಳುವುದು, ಎಲ್ಲಾ ಕಲಿಯುತ್ತೀಯ.

ಲ್ಯಾಬಿನ ವಿಷಯ ಇನ್ನೂ ಮುಖ್ಯ. ಗ್ರೂಪ್ ಪ್ರಯೋಗದಲ್ಲಿ ಹುಡುಗ ವೈರ್ ಜೋಡಿಸುತ್ತಾನೆ, ಹುಡುಗಿ ರೀಡಿಂಗ್ ಬರೆಯುತ್ತಾಳೆ, ಅಕ್ಷರ ಚೆನ್ನಾಗಿದೆ ಅಂತ. ರೆಕಾರ್ಡ್ ಪುಸ್ತಕಕ್ಕೆ ಒಳ್ಳೆ ಮಾರ್ಕ್ಸ್ ಬರುತ್ತದೆ, ಕೈಗೆ ಕೆಲಸ ಬರುವುದಿಲ್ಲ. ಹುಡುಗಿಯರೇ ಸಾಲ್ಡರಿಂಗ್ ಮಾಡುವ, ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡುವ, ಸ್ಟಾರ್ಟರ್ ಬಿಚ್ಚಿ ಜೋಡಿಸುವ ಒಂದು ಸಂಜೆ ವಾರಕ್ಕೊಮ್ಮೆ ಇರಲಿ. ತಡವಾಗುತ್ತದೆ ಅಂದರೆ ಕ್ಲಬ್ ನೋಡಿಕೊಳ್ಳುವ ಮೇಡಂ ಕಡೆಯಿಂದ ವಾರ್ಡನ್‌ಗೆ ಪತ್ರ ಕೊಡಿಸಿ. ಒಬ್ಬಳು ಹೋಗಿ ಕೇಳಿದರೆ ಬೈಗುಳ, ಕ್ಲಬ್ ಕೇಳಿದರೆ ಅರ್ಜಿ.

ಫಸ್ಟ್ ಇಯರ್ ಹುಡುಗಿಯರಿಗೆ ಪ್ರಗತಿ ಸ್ಕಾಲರ್‌ಶಿಪ್ ವಿಷಯ ಹೇಳಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯದು, ವರ್ಷಕ್ಕೆ 50,000 ರೂಪಾಯಿ. ಮನೆ ವರಮಾನ ವರ್ಷಕ್ಕೆ 8 ಲಕ್ಷದೊಳಗಿರಬೇಕು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಅವಕಾಶ ಇದೆ. ಡಿಪ್ಲೊಮಾ ಮಾಡಿ ಸೀದಾ ಎರಡನೇ ವರ್ಷಕ್ಕೆ ಬರುವವರೂ ಹಾಕಬಹುದು. ಹಳ್ಳಿಯಿಂದ ಬಂದ ಮಕ್ಕಳಿಗೆ ಇದು ತಿಳಿಯುವಷ್ಟರಲ್ಲಿ ಅರ್ಜಿ ದಿನ ಮುಗಿದಿರುತ್ತದೆ. ಸೀನಿಯರ್ ಒಬ್ಬಳು ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿದರೆ ಒಂದು ಮನೆಯ ಫೀಸಿನ ಚಿಂತೆ ಅರ್ಧ ಇಳಿಯುತ್ತದೆ. ಕ್ಲಬ್ ಇದೊಂದನ್ನೇ ಮಾಡಿದರೂ ನಾನು ಒಪ್ಪುತ್ತೇನೆ.

ಶಿವನಸಮುದ್ರದ ವಿದ್ಯುತ್ ಕೇಂದ್ರ ನೋಡಲೂ ಅನುಮತಿ ಕೇಳಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ನಮ್ಮ ಜಿಲ್ಲೆಯಲ್ಲೇ ಇದ್ದರೂ ನೀರು ಬೀಳುವುದನ್ನು ನೋಡಿ ಬರುತ್ತೇವೆ, ಟರ್ಬೈನ್ ನೋಡಿದವರು ಕಡಿಮೆ.

ಅದಕ್ಕೆ ಮೊದಲು ನಿಮ್ಮ ಕ್ಲಬ್ಬಿನವರನ್ನು ಒಂದು ಭಾನುವಾರ ಅಂಗಡಿಗೆ ಕರೆದುಕೊಂಡು ಬಾ. ಮೈಸೂರಿನಿಂದ ರೈಲಿನಲ್ಲಿ ಬಂದರೆ ಎಷ್ಟು ಹೊತ್ತು ಮಹಾ. ಸುಟ್ಟ ಮೋಟರ್ ಒಂದನ್ನು ಬಿಚ್ಚದೆ ಹಾಗೇ ಇಟ್ಟಿರುತ್ತೇನೆ. ನೀವೇ ಬಿಚ್ಚಿ, ಕಾಯಿಲ್ ಕತ್ತರಿಸುವ ಮೊದಲು ಕನೆಕ್ಷನ್ ಬರೆದುಕೊಂಡು, ಸುತ್ತು ಎಣಿಸಿ, ಯಾಕೆ ಸುಟ್ಟಿತು ಅಂತ ನನಗೆ ಹೇಳಬೇಕು. ನಿಮ್ಮಪ್ಪನೂ ಒಪ್ಪಿದ್ದಾರೆ. ಎಷ್ಟು ಜನ ಬರುತ್ತೀರಿ ಅಂತ ಎರಡು ದಿನ ಮೊದಲೇ ಹೇಳು, ಮುದ್ದೆಗೆ ಹಿಟ್ಟು ಬೀಸಿಸಬೇಕು.

ನಿನ್ನ
ಅಮ್ಮ