ಅವ್ವನ ಮಗ್ಗುಲಾಗ ಕೂತು ಎಳೆ ಎಣಿಸು

ಮಗಳೇ,

ಧಾರವಾಡದಿಂದ ದೊಡ್ಡವ್ವನ ಆಶೀರ್ವಾದ. ನೌಕರಿ ಬಿಟ್ಟು ಬಂದು ನಿಮ್ಮವ್ವನ ಜೊತೆ ಕಸೂತಿಗೆ ಕೂತಿದ್ದೀ ಅಂತ ಕೇಳಿದಾಗಿನಿಂದ ನನಗೆ ಹೊಟ್ಟೆ ತುಂಬಿದ ಹಾಗಾಗಿದೆ. ಆದರೆ ಹೋದ ವಾರ ನಿಮ್ಮ ಮನೆಯಲ್ಲಿ ಕಂಡ ಒಂದು ಮಾತು ಹೇಳದೆ ಇರಲಾರೆ.

ನೀನು ಕಂಪ್ಯೂಟರಿನಲ್ಲಿ ಚೌಕಳಿ ಹಾಕಿ ಬಿಡಿಸಿದ ತೇರು ಚೆಂದ ಇತ್ತು. ಕಳಸದ ಎರಡೂ ಕಡೆ ಗಿಳಿಗಳನ್ನು ತೇರಿಗೆ ತಾಗದಂತೆ ಕೂಡಿಸಿದ್ದೆ. ಕಸೂತಿಯ ಗವಂತಿ ಹೊಲಿಗೆಯ ನಡಿಗೆ ನಿನಗೆ ಗೊತ್ತಲ್ಲ: ಸೂಜಿ ಹೋಗುವಾಗ ಒಂದೊಂದು ಹೊಲಿಗೆಯ ಜಾಗ ಬಿಟ್ಟುಕೊಂಡು ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟದ್ದನ್ನೆಲ್ಲ ತುಂಬಿಕೊಂಡು ಹೊರಟಲ್ಲಿಗೇ ಬರುತ್ತದೆ. ಅದಕ್ಕೇ ಅರಿವೆಯ ಎರಡೂ ಬದಿ ಒಂದೇ ಥರ ಕಾಣುವುದು. ನೇಯ್ಗಿ, ಮೆಂತಿ ಹೊಲಿಗೆ ಹಾಕುವಾಗ ಈ ಕಟ್ಟುಪಾಡಿಲ್ಲ. ಗವಂತಿಯಲ್ಲಿ ತೇರಿಗೆ ತಾಗದ ಗಿಳಿಗೆ ಹಾರಿದರೆ ಹಿಂದೆ ದಾರ ಜೋತುಬೀಳುತ್ತದೆ. ನಿಮ್ಮವ್ವ ಏನೂ ಅನ್ನದೆ ಕಳಸದಿಂದ ಗಿಳಿಯ ಕಾಲಿನ ತನಕ ನಾಲ್ಕೇ ಹೊಲಿಗೆಯ ಸಣ್ಣ ಬಳ್ಳಿ ಎಳೆದಳು. ಅದರ ಮೇಲೆ ಹೋಗಿ, ಗಿಳಿಯನ್ನು ಸುತ್ತಿ, ಅದರ ಮೇಲೇ ತಿರುಗಿ ಬಂದಳು.

ನೀನು ನೋಡಿ, “ಇದು ಡಿಸೈನಿನ್ಯಾಗ ಇರಲಿಲ್ಲಲ್ಲವ್ವಾ” ಅಂದೆ. ಅವಳು ಬಿಚ್ಚಲಿಕ್ಕೆ ಕತ್ತರಿ ತಗೊಂಡಳು.

ನನ್ನ ಕರುಳು ಚುರ್ ಅಂದಿತು. ಆ ಬಳ್ಳಿಯನ್ನು ಉಳಿಸು ಮಗಳೇ. ನಿನ್ನ ಗಿಳಿ ಅದರಿಂದಲೇ ನಿಂತಿದೆ. ಮುಂದಿನ ನಕ್ಷೆ ಬಿಡಿಸುವ ಮೊದಲು ಲ್ಯಾಪ್‌ಟಾಪ್ ಮುಚ್ಚಿಟ್ಟು ಅವಳ ಮಗ್ಗುಲಿಗೆ ಕೂಡು. ಮೊದಲ ಸೂಜಿ ಎಲ್ಲಿ ಚುಚ್ಚುತ್ತಾಳೆ, ಎಲ್ಲಿ ಹೊರಳುತ್ತಾಳೆ ನೋಡು. ಕೇಳಿದರೆ ಹೇಳಲಿಕ್ಕೆ ಅವಳಿಗೆ ಬರಲಿಕ್ಕಿಲ್ಲ, ಕೈಗೆ ಗೊತ್ತಿದೆ.

ನಾನು ನಿಮ್ಮ ಅಜ್ಜಿಯ ಹತ್ತಿರ ಹಾಗೆ ಕೂಡಲಿಲ್ಲ. ಡ್ರಾಯಿಂಗ್ ಕಲಿತ ಗತ್ತು ನನಗೆ. ಕಾಗದದ ಮೇಲೆ ಬರೆದು ಕೊಡುತ್ತಿದ್ದೆ, ಆಕೆ ಹಾಕಿ ಕೊಡುತ್ತಿದ್ದಳು. ಆಕೆ ಹೋದ ಮೇಲೆ ಗೋಪುರದ ಕಸೂತಿ ಇದ್ದ, ಕೂಸಿನ ತಲೆಗೆ ಕಟ್ಟುವ ಕುಂಚಿಗಿ ಒಂದು ಉಳಿಯಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಮಧ್ಯಾಹ್ನ ಕೂತಿದ್ದೇನೋ. ಎಳೆಗಳ ಲೆಕ್ಕ ಸಿಕ್ಕಿತು. ಎಲ್ಲಿಂದ ಹೊರಟಳು ಅನ್ನುವುದು ಮಾತ್ರ ಸಿಗಲಿಲ್ಲ. ಕಸೂತಿಗೆ ಗಂಟು ಹಾಕುವುದಿಲ್ಲವಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಿದ್ದಳು.

ಇನ್ನೊಂದು. ಚಂದ್ರಕಾಳಿ ಸೀರೆಯ ಕೆಲಸ ಸಂಜೆಗೆ ಇಡಬೇಡ. ಕರೀ ಅರಿವೆಯ ಮೇಲೆ ದೀಪದ ಬೆಳಕಿನಲ್ಲಿ ಎಳೆ ಎಣಿಸುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತದೆ, ನಿನ್ನ ಮುಂದೆ ಒರೆಸಿಕೊಳ್ಳುವುದಿಲ್ಲ. ಅದನ್ನು ಮುಂಜಾನೆಯ ಬಿಸಿಲಿಗಿಟ್ಟು ಸಂಜೆಗೆ ತಿಳಿಬಣ್ಣದ ಅರಿವೆ ಕೊಡು. ಮಾರುವ ಸೀರೆಗೆ ಹಚ್ಚುವ ಚೀಟಿಯಲ್ಲಿ ನಿನ್ನ ಹೆಸರಷ್ಟೇ ಇತ್ತು, ಅವಳದೂ ಬರಲಿ. ಬಂದ ರೊಕ್ಕದಲ್ಲಿ ಅವಳ ಪಾಲು ಅವಳ ಖಾತೆಗೇ ಹೋಗಲಿ. ಮನೆಯದೇ ಕೆಲಸ ಅಂತ ಅವಳು ಬೇಡ ಅಂದರೂ ಹಾಕು.

ಆ ಕುಂಚಿಗಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಕೂಸಿದ್ದಾಗ ನಿನ್ನ ತಲೆಗೂ ಅದನ್ನು ಕಟ್ಟಿದ್ದೆವು. ಅವ್ವನ ಕೈಗೆ ಕೊಟ್ಟು, ಮೊದಲ ಹೊಲಿಗೆ ಎಲ್ಲಿದ್ದೀತು ಅಂತ ಕೇಳಿ ನನಗೆ ಬರಿ.

ನಿನ್ನ ದೊಡ್ಡವ್ವ